ವೀರಗಲ್ಲಿಲ್ಲದ ಮುಪ್ಪು

ಮನೆಯಲ್ಲಿ ಮರಿಯಾಗಿ ಬಂದ ನಾಯಿ ಮುದಿಯಾಗಿ, ಮೆಟ್ಟಿಲ ಬಳಿ ನಿಂತು ಹತ್ತಲೋ ಬೇಡವೋ ಎಂದು ಅನುಮಾನಿಸತೊಡಗಿದಾಗ ಮನೆಮಂದಿಯನ್ನು ಒಂದು ಬಗೆಯ ಕಳವಳ ಆವರಿಸುತ್ತದೆ. ಅದು ಉಂಡಿತೇ, ನೀರು ಕುಡಿಯಿತೇ, ರಾತ್ರಿ ಕೆಮ್ಮಿತೇ ಎಂಬ ವಿಚಾರಣೆ ಮನೆಯ ನಿತ್ಯದ ಮಾತಿನೊಳಗೆ ಸೇರಿಹೋಗುತ್ತದೆ. ಈ ಕಳವಳಕ್ಕೂ ಒಂದು ಚರಿತ್ರೆ ಇದೆಯೇ ಎಂದು ಹುಡುಕುವುದು ಈ ಬರಹದ ಉದ್ದೇಶ. ನಾಯಿಯ ಸಾವಿಗೆ ಮನುಷ್ಯರು ಮರುಗಿದ್ದಕ್ಕೆ ಬಹಳ ಹಳೆಯ ದಾಖಲೆಗಳಿವೆ. ಅವುಗಳಲ್ಲಿ ಬಹು ಮುಖ್ಯವಾದುದೊಂದು ಕನ್ನಡದಲ್ಲೇ ಇದೆ. ಆದರೆ ನಾಯಿಯ ಮುಪ್ಪಿಗಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಚಿಂತಿಸುತ್ತ ಬದುಕುವುದು ಈಚೆಗೆ ನಮ್ಮ ಪಾಲಿಗೆ ಬಂದ ಅನುಭವ. ಇವೆರಡರ ನಡುವಿನ ದೂರವನ್ನು ಅಳೆಯಲು ಸಾವಿರ ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಆತಕೂರಿನ ಕಾಳಿ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನ ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಶಕ ವರ್ಷ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949-50ರಲ್ಲಿ ಬರೆಸಿದ ಈ ಕಲ್ಲಿನಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ದೊರೆ ಇಮ್ಮಡಿ ಬೂತುಗರ ಸೇನೆ ತಕ್ಕೋಲದಲ್ಲಿ ಚೋಳರೊಡನೆ ಕಾದಿದ್ದು, ಚೋಳ ರಾಜಾದಿತ್ಯ ಮಡಿದದ್ದು ದಾಖಲಾಗಿದೆ. ದಕ್ಷಿಣ ಭಾರತದ ರಾಜಕೀಯ ಚರಿತ್ರೆಗೆ ಇದೊಂದು ಆಧಾರಸ್ತಂಭ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಬಗೆಗೆ ಬರೆದ ಜಾನ್ ಫೇತ್‌ಫುಲ್ ಫ್ಲೀಟ್ ಇದನ್ನು ಇಂಗ್ಲಿಷಿಗೆ ತಂದು ಚರ್ಚಿಸಿದ್ದು ಮುಖ್ಯವಾಗಿ ಆ ಯುದ್ಧದ ಸಂಗತಿಗಾಗಿ.

ಆದರೆ ಕಲ್ಲನ್ನು ನಿಲ್ಲಿಸಿದ್ದಕ್ಕೆ ಕಾರಣ ಒಂದು ನಾಯಿ. ಯುದ್ಧದಲ್ಲಿ ಪರಾಕ್ರಮ ತೋರಿದ ಸಗರವಂಶದ ಮಣಲೇರನಿಗೆ ಒಡೆಯ ಮೆಚ್ಚಿ, ಬೇಕಾದುದನ್ನು ಕೇಳಿಕೋ ಎನ್ನುತ್ತಾನೆ. ಮಣಲೇರ ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡದೊಂದು ಕಾಡುಹಂದಿಯ ಮೇಲೆ ಕಾಳಿಯನ್ನು ಬಿಡಲಾಗುತ್ತದೆ. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸಾಯುತ್ತವೆ. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಡಲಾಯಿತು. ಕಲ್ಲಿನ ಮೇಲ್ಭಾಗದಲ್ಲಿ ಹಂದಿಯೊಡನೆ ಸೆಣಸುವ ನಾಯಿಯ ಚಿತ್ರವಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ನಾಯಿಯ ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ ಎಂಬ ಕಟ್ಟಳೆಯೂ ಶಾಸನದಲ್ಲಿದೆ. ಈಗ ಈ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಜೆಗೆ ಊರಿಗೆ ಹೋದವರು ಒಮ್ಮೆ ಹೋಗಿ ನೋಡಬಹುದು.

ಕೋಲಾರ ಜಿಲ್ಲೆಯಲ್ಲೂ ಬೇಟೆನಾಯಿಗಳ ನೆನಪಿಗೆ ನಿಲ್ಲಿಸಿದ ಕಲ್ಲುಗಳಿವೆ. ಇವೆಲ್ಲದರ ಹಿಂದಿರುವ ಪದ್ಧತಿ ವೀರಗಲ್ಲಿನದು. ತುರುಗೊಳ್ ಸಂಘರ್ಷದಲ್ಲಿ, ಊರಳಿವಿನಲ್ಲಿ, ಹುಲಿಬೇಟೆಯಲ್ಲಿ ಸತ್ತವನಿಗೆ ಸಲ್ಲುವ ಗೌರವವೇ ನಾಯಿಗೂ ಸಂದಿದೆ. ಕಾಳಿಗೆ ಆಗ ಎಷ್ಟು ವರ್ಷವಾಗಿತ್ತು ಎಂದು ಶಾಸನ ಹೇಳುವುದಿಲ್ಲ. ಹಂದಿಯ ಮೇಲೆ ಬೀಳುವಷ್ಟು ಕಸುವು ಅದಕ್ಕಿತ್ತು ಎಂಬುದಷ್ಟೇ ಸ್ಪಷ್ಟ. ಅದೇ ಕಾಳಿ ಆ ದಿನ ಬದುಕಿ ಉಳಿದು, ಇನ್ನು ಆರೇಳು ವರ್ಷ ಮಣಲೇರನ ಮನೆಯಂಗಳದಲ್ಲಿ ಬಿಸಿಲು ಕಾಯಿಸುತ್ತ, ಕಣ್ಣು ಮಂಜಾಗಿ, ಕೀಲು ಹಿಡಿದು, ಒಂದು ಬೆಳಗ್ಗೆ ಏಳದೆ ಹೋಗಿದ್ದರೆ? ಮಣಲೇರ ಮರುಗುತ್ತಿದ್ದನೇನೋ, ಕಲ್ಲು ಮಾತ್ರ ನಿಲ್ಲುತ್ತಿರಲಿಲ್ಲ. ವೀರಗಲ್ಲಿನ ಸಂಸ್ಕೃತಿಗೆ ಮುಪ್ಪಿನಲ್ಲಿ ಬಂದ ಮರಣವನ್ನು ಬರೆದಿಡುವ ಕ್ರಮ ತಿಳಿದಿರಲಿಲ್ಲ. ಮನುಷ್ಯರ ವಿಷಯದಲ್ಲೂ ಅದು ಹೀಗೆಯೇ ನಡೆದುಕೊಂಡಿತು.

ಗೋವಿಗೆ ವೈದ್ಯ, ಅಶ್ವಕ್ಕೆ ವೈದ್ಯ

ಪ್ರಾಣಿಗಳ ಆರೋಗ್ಯವನ್ನು ಕುರಿತು ನಮ್ಮ ಹಿಂದಿನವರು ಯೋಚಿಸಲಿಲ್ಲ ಎನ್ನುವಂತಿಲ್ಲ. ಅಶೋಕನ ಎರಡನೆಯ ಶಿಲಾಶಾಸನ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಔಷಧಿಯ ಗಿಡಮೂಲಿಕೆಗಳನ್ನು ಇಲ್ಲದ ಕಡೆ ತರಿಸಿ ನೆಡಿಸಿದ್ದನ್ನು ಹೇಳುತ್ತದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಈ ಮಾತನ್ನು ಇಂದಿಗೂ ಕಾಣಬಹುದು. ಕುದುರೆಗೆ ಶಾಲಿಹೋತ್ರ, ಆನೆಗೆ ಪಾಲಕಾಪ್ಯ ಎಂಬ ಆಚಾರ್ಯ ಪರಂಪರೆಗಳು ಸಂಸ್ಕೃತದಲ್ಲಿ ಬೆಳೆದವು. ಕನ್ನಡದಲ್ಲಿ ಚಾಲುಕ್ಯ ಕೀರ್ತಿವರ್ಮ ‘ಗೋವೈದ್ಯ’ವನ್ನು ಬರೆದ. ಅಭಿನವಚಂದ್ರ ‘ಅಶ್ವವೈದ್ಯ’ವನ್ನು ಬರೆದ. ನಾಯಿಗಾಗಿ ಇವುಗಳಷ್ಟು ಹೆಸರಾದ ಗ್ರಂಥವೊಂದು ನಮ್ಮಲ್ಲಿ ಹುಟ್ಟಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಎತ್ತು ಹೊಲ ಉಳುತ್ತದೆ, ಹಸು ಕರೆಯುತ್ತದೆ, ಕುದುರೆ ಆನೆಗಳು ರಾಜ್ಯವನ್ನು ಉಳಿಸುತ್ತವೆ. ಅವುಗಳ ಒಂದೊಂದು ದಿನದ ಕಾಯಿಲೆಗೂ ಬೆಲೆ ಕಟ್ಟಬಹುದು. ನಾಯಿಗೆ ಬೆಲೆ ಬರುವುದು ಅರಮನೆಯ ಬೇಟೆಯಲ್ಲಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಸಾರಮೇಯ ವಿನೋದವನ್ನೂ ಸೇರಿಸಿ, ನಾಯಿಗಳ ಬಗೆಗೆ ಆಸಕ್ತಿಯಿಂದಲೇ ಬರೆದಿದ್ದಾನೆ. ಅಲ್ಲಿಯೂ ನಾಯಿ ಓಡಬೇಕು, ಹಿಡಿಯಬೇಕು, ಗೆಲ್ಲಬೇಕು. ಅರಮನೆಯ ಹೊರಗೆ ಅದರ ಸ್ಥಿತಿ ಏನಿತ್ತು ಎಂಬುದಕ್ಕೆ ‘ನಾಯಿಪಾಡು’ ಎಂಬ ಒಂದೇ ಪದ ಸಾಕು. ಭಾಷೆ ಅನುಭವವಿಲ್ಲದೆ ಅಂಥ ಪದವನ್ನು ಕಟ್ಟುವುದಿಲ್ಲ.

ಮುದಿ ನಾಯಿಯ ದುಸ್ಥಿತಿ ನಮ್ಮ ನಾಡಿಗೆ ಮಾತ್ರ ಸೀಮಿತವಾಗಿರಲಿಲ್ಲ. ಗ್ರೀಕರ ‘ಒಡಿಸ್ಸಿ’ಯಲ್ಲಿ ಒಡಿಸ್ಯೂಸ್ 20 ವರ್ಷಗಳ ನಂತರ ಮಾರುವೇಷದಲ್ಲಿ ಮನೆಗೆ ಮರಳಿದಾಗ ಗುರುತು ಹಿಡಿದದ್ದು ಆರ್ಗಸ್ ಎಂಬ ಮುದಿ ನಾಯಿ. ಒಂದು ಕಾಲದಲ್ಲಿ ಯಾವ ಮೃಗವೂ ತಪ್ಪಿಸಿಕೊಳ್ಳಲಾಗದ ಬೇಟೆಗಾರನಾಗಿದ್ದ ಆ ನಾಯಿ ಈಗ ಸಗಣಿಯ ಗುಡ್ಡೆಯ ಮೇಲೆ, ಮೈತುಂಬ ಉಣ್ಣೆ ಹತ್ತಿಸಿಕೊಂಡು ಬಿದ್ದಿದೆ. ಒಡೆಯನನ್ನು ಕಂಡು ಬಾಲ ಅಲ್ಲಾಡಿಸಿ ಪ್ರಾಣ ಬಿಡುತ್ತದೆ. ಒಡೆಯ ದೂರವಾದರೆ ಮುದಿ ನಾಯಿಯನ್ನು ಕೇಳುವವರಿಲ್ಲ ಎಂಬ ಸತ್ಯವನ್ನು ಆ ಕಾವ್ಯ ಮುಚ್ಚಿಡುವುದಿಲ್ಲ.

ಸತಾರೆಯ ನಾಯಿ, ಜೇಜುರಿಯ ನಾಯಿ

ಪುಣೆ, ಸೋಲಾಪುರ, ಕೊಲ್ಹಾಪುರಗಳ ಕನ್ನಡಿಗರಿಗೆ ನೆರೆಯ ಇನ್ನೆರಡು ನೆನಪುಗಳು ಹತ್ತಿರದವು. ರಾಯಗಡದಲ್ಲಿ ಶಿವಾಜಿ ಮಹಾರಾಜರ ಸಮಾಧಿಯ ಬಳಿ ‘ವಾಘ್ಯಾ’ ಎಂಬ ನಾಯಿಯ ಸ್ಮಾರಕವಿದೆ. ಒಡೆಯನ ಚಿತೆಗೆ ಹಾರಿದ ನಾಯಿ ಎಂಬ ಕಥೆ ಅದರ ಸುತ್ತ ಬೆಳೆದಿದೆ. ಸ್ಮಾರಕ ಎದ್ದದ್ದು 1936ರಲ್ಲಿ. ಕಥೆಯ ಐತಿಹಾಸಿಕತೆ ಇಂದಿಗೂ ವಿವಾದದಲ್ಲಿದೆ. ಸತಾರೆಯ ಹತ್ತಿರ ಸಂಗಮ ಮಾಹುಲಿಯಲ್ಲಿ ಛತ್ರಪತಿ ಶಾಹುವಿನ ಪ್ರೀತಿಯ ನಾಯಿಯ ಸಮಾಧಿಯಿದೆ. ಹುಲಿಯ ಬೇಟೆಯಲ್ಲಿ ತನ್ನ ಪ್ರಾಣ ಉಳಿಸಿದ ನಾಯಿಗೆ ಶಾಹು ಜಹಗೀರು ಬರೆದುಕೊಟ್ಟು, ಪಲ್ಲಕ್ಕಿಯ ಮರ್ಯಾದೆ ನೀಡಿದನೆಂದೂ, ಒಮ್ಮೆ ಅದಕ್ಕೆ ಜರತಾರಿ ತೊಡಿಸಿ ತನ್ನ ಪೇಟವನ್ನೇ ಇಟ್ಟು ದರ್ಬಾರಿಗೆ ತಂದನೆಂದೂ ಗ್ರಾಂಟ್ ಡಫ್ 1826ರಲ್ಲಿ ಪ್ರಕಟವಾದ ತನ್ನ ಮರಾಠರ ಇತಿಹಾಸದಲ್ಲಿ ಬರೆದಿದ್ದಾನೆ. ಡಫ್ ಇದನ್ನು ಅರಸನ ವಿಚಿತ್ರ ನಡತೆಯ ಉದಾಹರಣೆಯಾಗಿ ಕೊಡುತ್ತಾನೆ. ಆದರೂ ಪಲ್ಲಕ್ಕಿ ಎಂಬುದನ್ನು ನಾವು ಸ್ವಲ್ಪ ಬೇರೆಯಾಗಿಯೂ ಓದಬಹುದು: ನಾಯಿಯನ್ನು ಹೊತ್ತು ನಡೆಯುವುದು ಹುಚ್ಚಾಟವಲ್ಲ ಎನಿಸುವ ದಿನ ಮುದಿ ನಾಯಿ ಸಾಕಿದ ಎಲ್ಲರಿಗೂ ಬರುತ್ತದೆ.

ದೈವಕಲ್ಪನೆಯಲ್ಲಿ ನಾಯಿಗೆ ಎಲ್ಲಿಲ್ಲದ ಸ್ಥಾನವಿದೆ. ಕಾಲಭೈರವನ ವಾಹನ ಅದು. ಗಾಣಗಾಪುರದ ದತ್ತನ ಪಟದಲ್ಲಿ ನಾಲ್ಕು ನಾಯಿಗಳು ನಾಲ್ಕು ವೇದಗಳಾಗಿ ನಿಂತಿವೆ. ಮೈಲಾರಲಿಂಗನ ಪರಿವಾರದಲ್ಲಿ ನಾಯಿ ಇದೆ. ಜೇಜುರಿಯ ಖಂಡೋಬನ ವಾಘ್ಯಾಗಳೂ ನಮ್ಮ ಮೈಲಾರದ ಗೊರವರೂ ದೇವರ ನಾಯಿಗಳಂತೆ ಬೊಗಳಿ ಭಕ್ತಿ ತೋರುವುದುಂಟು. ಪುಣೆಯ ಕನ್ನಡಿಗ ಜೇಜುರಿಯ ಮೆಟ್ಟಿಲೇರುವಾಗ ಮೈಲಾರವೇ ಕಣ್ಣ ಮುಂದೆ ಬರುವುದು ಈ ಕಾರಣಕ್ಕೆ. ಆದರೆ ದೇವರ ನಾಯಿಗೆ ವಯಸ್ಸಾಗುವುದಿಲ್ಲ. ಅದರ ಪೂಜೆಯಿಂದ ಬೀದಿಯ ನಾಯಿಯ ಬಾಳು ಹಸನಾಯಿತು ಎಂದು ಹೇಳಲು ಬರುವುದಿಲ್ಲ.

ಆಸರೆಯ ಹಳೆಯ ಮನೆಗಳು

ಮುದಿ ಪ್ರಾಣಿಯನ್ನು ಅದರ ಉಪಯೋಗ ತೀರಿದ ಮೇಲೂ ಸಾಕುವ ಪದ್ಧತಿ ನಮ್ಮ ದೇಶದಲ್ಲಿ ಬೇರೊಂದು ದಾರಿಯಿಂದ ಬಂತು. ಇಂಗ್ಲೆಂಡಿನ ವರ್ತಕ ರಾಲ್ಫ್ ಫಿಚ್ 1583ರಿಂದ 1591ರವರೆಗೆ ಪೂರ್ವದೇಶಗಳಲ್ಲಿ ಅಲೆದ. ಗೋವೆಯ ಪೋರ್ಚುಗೀಸರ ಸೆರೆಯಿಂದ ಬಿಡಿಸಿಕೊಂಡು, ಬೆಳಗಾವಿ ಮತ್ತು ವಿಜಾಪುರಗಳ ದಾರಿಯಾಗಿ ಗೋಲ್ಕೊಂಡಕ್ಕೆ ಹೋದವನು ಅವನು. ಗುಜರಾತಿನ ಖಂಬಾತಿನಲ್ಲಿ ಕುಂಟ ನಾಯಿ ಬೆಕ್ಕುಗಳಿಗೂ ಹಕ್ಕಿಗಳಿಗೂ ಆಸ್ಪತ್ರೆಗಳಿವೆಯೆಂದು ಬರೆದ. ಬಂಗಾಳದ ಉತ್ತರಕ್ಕಿರುವ ಕೂಚ್ ಸೀಮೆಯಲ್ಲಿಯೂ ಇಂಥವುಗಳನ್ನು ಕಂಡು, ಪ್ರಾಣಿಗಳು ಮುದಿಯಾಗಿ ಕುಂಟಾದರೆ ಸಾಯುವವರೆಗೂ ಅಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ದಾಖಲಿಸಿದ. ವ್ಯಾಪಾರಕ್ಕೆಂದು ಬಂದವನ ಕಣ್ಣಿಗೆ ಇದು ಸೋಜಿಗವಾಗಿ ಕಂಡಿರಬೇಕು. ನಮಗೆ ಮುಖ್ಯವಾದುದು ‘ಸಾಯುವವರೆಗೂ’ ಎಂಬ ಮಾತು. ಕಾಳಿಯ ಕಲ್ಲಿನಲ್ಲಿ ಇಲ್ಲದ ಒಂದು ಕಾಲಾವಧಿ ಇಲ್ಲಿ ಮೊದಲ ಸಲ ಕಣ್ಣಿಗೆ ಬೀಳುತ್ತದೆ.

ಜೈನ ಮತ್ತು ವೈಷ್ಣವ ವರ್ತಕರು ನಡೆಸಿದ ಈ ಪಾಂಜರಪೋಳಗಳ ಪದ್ಧತಿ ಮುಂಬಯಿಗೆ ಬಂದ ಬಗೆ ಸ್ವಾರಸ್ಯಕರವಾಗಿದೆ. 1832ರಲ್ಲಿ ಮುಂಬಯಿಯ ಆಡಳಿತ ಬೀದಿನಾಯಿಗಳನ್ನು ಕೊಲ್ಲಿಸುವ ಕ್ರಮವನ್ನು ಬಿಗಿಗೊಳಿಸಿ, ನಾಯಿಯೊಂದಕ್ಕೆ 8 ಆಣೆ ಇನಾಮು ಗೊತ್ತುಮಾಡಿತು. ಇನಾಮಿನ ಆಸೆಗೆ ಸಾಕುನಾಯಿಗಳನ್ನೂ ಹಿಡಿಯುತ್ತಾರೆಂಬ ದೂರು ಹಬ್ಬಿತು. ಜೂನ್ 6ರಂದು ಕೋಟೆ ಪ್ರದೇಶದಲ್ಲಿ ಪಾರ್ಸಿಗಳು ಬೀದಿಗಿಳಿದರು, ಹಿಂದೂಗಳೂ ಜೈನರೂ ಜೊತೆಗೂಡಿದರು, ಅಂಗಡಿಗಳು ಮುಚ್ಚಿದವು, ಕೊನೆಗೆ ಸೈನ್ಯ ಬರಬೇಕಾಯಿತು. ಇದೇ ಮುಂಬಯಿಯ ‘ನಾಯಿ ಗಲಭೆ’.

ಪಾರ್ಸಿಗಳು ಇಷ್ಟು ಕೆರಳಿದ್ದೇಕೆ ಎಂಬುದಕ್ಕೆ ಅವರ ಧರ್ಮಗ್ರಂಥದಲ್ಲಿ ಉತ್ತರವಿದೆ. ಜರತುಷ್ಟ್ರ ಧರ್ಮದಲ್ಲಿ ಶವವನ್ನು ನಾಯಿಯ ದೃಷ್ಟಿಗೆ ತೋರಿಸುವ ‘ಸಗ್‌ದೀದ್’ ಎಂಬ ಅಂತ್ಯಸಂಸ್ಕಾರವಿದೆ. ‘ವೆಂದಿದಾದ್’ ಗ್ರಂಥ ನಾಯಿಗೆ ಕೆಟ್ಟ ಅನ್ನ ಹಾಕುವುದನ್ನೂ, ನುಂಗಲಾಗದ ಮೂಳೆಯನ್ನೋ ಬಾಯಿ ಸುಡುವ ಬಿಸಿ ಆಹಾರವನ್ನೋ ಕೊಡುವುದನ್ನೂ ಪಾಪಗಳ ಪಟ್ಟಿಗೆ ಸೇರಿಸುತ್ತದೆ. ಮನೆಯಲ್ಲಿ ನಾಯಿಯೊಂದು ಬುದ್ಧಿಗೆಟ್ಟು ಕಾಯಿಲೆ ಬಿದ್ದರೆ, ಧರ್ಮಾವಲಂಬಿಯಾದ ಮನುಷ್ಯನಿಗೆ ಮಾಡುವಂತೆಯೇ ಅದಕ್ಕೂ ಶುಶ್ರೂಷೆ ಮಾಡಬೇಕೆಂದು ವಿಧಿಸುತ್ತದೆ. ಮುದಿ ನಾಯಿಯ ಮದ್ದಿಗೆ ಹಣ ಸುರಿಯುವವರನ್ನು ಕಂಡು ನಗುವವರಿಗೆ ಹೇಳಲು ಇದಕ್ಕಿಂತ ಹಳೆಯ ಪ್ರಮಾಣ ಸಿಗುವುದು ಕಷ್ಟ.

ಗಲಭೆಯ ಎರಡು ವರ್ಷಗಳ ನಂತರ, 1834ರಲ್ಲಿ, ಪಾರ್ಸಿ ವರ್ತಕ ಜಮ್‌ಶೇಟ್‌ಜಿ ಜೀಜೀಭಾಯ್ ಮತ್ತು ಜೈನ ವರ್ತಕ ಮೋತಿಚಂದ್ ಅಮಿಚಂದ್ ಮುಂದೆ ನಿಂತು ಮುಂಬಯಿ ಪಾಂಜರಪೋಳವನ್ನು ಸ್ಥಾಪಿಸಿದರು. ಸಿ.ಪಿ. ಟ್ಯಾಂಕಿನ ಹತ್ತಿರ ಭುಲೇಶ್ವರದ ಗಲ್ಲಿಗಳಲ್ಲಿ ಓಡಾಡುವ ಕನ್ನಡಿಗರು ಆ ಹೆಸರಿನ ಫಲಕವನ್ನು ಕಂಡಿರುತ್ತಾರೆ.

ಆಸ್ಪತ್ರೆ ಮತ್ತು ಆಯುಸ್ಸು

ಪಾಂಜರಪೋಳ ಆಸರೆ ಕೊಟ್ಟಿತು. ರೋಗವನ್ನು ಗೆಲ್ಲುವುದು ಅದರ ಕೈಯಲ್ಲಿರಲಿಲ್ಲ. ಆಧುನಿಕ ಪಶುವೈದ್ಯ ಶಿಕ್ಷಣ ಮೊದಲಾದದ್ದು 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ಲೋಡ್ ಬೂರ್ಜೆಲಾ ಸ್ಥಾಪಿಸಿದ ಶಾಲೆಯಿಂದ. ಅಲ್ಲಿಯೂ ಗಮನವೆಲ್ಲ ಕುದುರೆ ಮತ್ತು ದನಗಳ ಮೇಲೆ. ಮುಂಬಯಿಯಲ್ಲಿ 1874ರಲ್ಲಿ ಪ್ರಾಣಿಹಿಂಸೆ ತಡೆಯುವ ಸಂಘ ಹುಟ್ಟಿತು. ಮುಂದೆ ದಿನ್‌ಶಾ ಮಾಣಿಕ್‌ಜಿ ಪೇಟಿಟ್ ಅವರ ದಾನದಿಂದ, ಅವರ ಪತ್ನಿಯ ಹೆಸರಿನಲ್ಲಿ, ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ಪ್ರಾಣಿಗಳ ಆಸ್ಪತ್ರೆ ಎದ್ದಿತು. 1886ರಲ್ಲಿ ಅದರ ಆವರಣದಲ್ಲೇ ಮುಂಬಯಿ ಪಶುವೈದ್ಯ ಕಾಲೇಜು ಆರಂಭವಾಯಿತು. ಮದರಾಸಿನಲ್ಲಿ 1903ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಕಾಲೇಜುಗಳು ಬಂದವು. ಆಗಿನ ನಗರಗಳಲ್ಲಿ ಆಸ್ಪತ್ರೆಗೆ ಬರುತ್ತಿದ್ದ ರೋಗಿಗಳಲ್ಲಿ ಗಾಡಿಯ ಎತ್ತುಗಳೂ ಜಟಕಾ ಕುದುರೆಗಳೂ ಮುಖ್ಯವಾದವು. ಮೋಟಾರು ಬಂದು ಕುದುರೆ ಬೀದಿಯಿಂದ ಮರೆಯಾದ ಮೇಲೆ ನಗರದ ಪಶುವೈದ್ಯನ ಮೇಜಿನ ಮೇಲೆ ನಾಯಿ ಬಂದು ನಿಂತಿತು.

ಅಷ್ಟರಲ್ಲಿ ನಾಯಿಯ ಆಯುಸ್ಸನ್ನು ಕಡಿಯುತ್ತಿದ್ದ ರೋಗಗಳ ಮೇಲೆ ಒಂದೊಂದಾಗಿ ಹಿಡಿತ ಸಿಗತೊಡಗಿತ್ತು. 1885ರಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಬಾಲಕನಿಗೆ ಲಸಿಕೆ ಕೊಟ್ಟು ಉಳಿಸಿದ. ಭಾರತದಲ್ಲಿ ಕಸೌಲಿಯಲ್ಲಿ 1900ರಲ್ಲಿ, ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆಗಳು ಆರಂಭವಾದವು. ನಾಯಿಯ ಬಗೆಗಿನ ಭಯ ಕಡಿಮೆಯಾಗದೆ ಅದು ಮನೆಯ ಒಳಕೋಣೆಗೆ ಬರುವುದು ಸಾಧ್ಯವಿರಲಿಲ್ಲ. ಮರಿಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ಡಿಸ್ಟೆಂಪರ್ ರೋಗವನ್ನು ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್ 1809ರಲ್ಲಿ ವರ್ಣಿಸಿದ್ದ. ಅದು ವೈರಸ್ಸಿನಿಂದ ಬರುವುದೆಂದು 1905ರಲ್ಲಿ ಫ್ರಾನ್ಸಿನ ಆನ್ರಿ ಕಾರೆ ತೋರಿಸಿದ. 1920ರ ದಶಕದಲ್ಲಿ ಇಂಗ್ಲೆಂಡಿನ ಲೇಡ್‌ಲಾ ಮತ್ತು ಡಂಕಿನ್ ಅದಕ್ಕೆ ಲಸಿಕೆ ರೂಪಿಸಿದರು. 1978ರ ಸುಮಾರಿಗೆ ಲೋಕದ ತುಂಬ ಹಠಾತ್ತನೆ ಕಾಣಿಸಿಕೊಂಡ ಪಾರ್ವೋ ರೋಗಕ್ಕೂ ಕೆಲವೇ ವರ್ಷಗಳಲ್ಲಿ ಲಸಿಕೆ ಬಂತು.

ಈ ಲಸಿಕೆಗಳ ಒಟ್ಟು ಪರಿಣಾಮವನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಮರಿತನದಲ್ಲಿ ಸಾಯುತ್ತಿದ್ದ ನಾಯಿ ಬದುಕಿತು. ಬೀದಿಯಲ್ಲಿ ವಾಹನಕ್ಕೆ ಸಿಕ್ಕಿ ಹೋಗುತ್ತಿದ್ದ ನಾಯಿ ಮನೆಯೊಳಗೆ ಬಂತು. ಹನ್ನೆರಡು, ಹದಿನಾಲ್ಕು ವರ್ಷ ಬಾಳುವುದು ಸಾಮಾನ್ಯವಾಯಿತು. ಹಾಗೆ ಬಾಳಿದ್ದರಿಂದಲೇ ಹೃದಯದ ಕವಾಟ ಸಡಿಲವಾಗುವುದು, ಮೂತ್ರಪಿಂಡ ಸೋಲುವುದು, ಕೀಲು ಸವೆಯುವುದು, ಕಣ್ಣಿಗೆ ಪೊರೆ ಬರುವುದು, ಮನುಷ್ಯರ ಅರಳುಮರುಳಿಗೆ ಸಮಾನವಾದ ಮರೆವು ಬರುವುದು ಇವೆಲ್ಲ ನಾಯಿಯ ರೋಗಗಳೆಂದು ಮನೆಮಾತಾದವು. ನಾಯಿಯ ಒಂದು ವರ್ಷ ನಮ್ಮ ಏಳು ವರ್ಷಕ್ಕೆ ಸಮ ಎಂಬ ಲೆಕ್ಕವೂ ಸರಿಯಲ್ಲ. 2020ರಲ್ಲಿ ಲ್ಯಾಬ್ರಡಾರ್ ನಾಯಿಗಳ ಡಿ.ಎನ್.ಎ. ಮೇಲೆ ಕಾಲ ಬಿಡುವ ಗುರುತುಗಳನ್ನು ಹೋಲಿಸಿದ ವಿಜ್ಞಾನಿಗಳು, ಒಂದು ವರ್ಷದ ನಾಯಿ ಸುಮಾರು ಮೂವತ್ತರ ಮನುಷ್ಯನಿಗೆ ಸಮೀಪವೆಂದೂ, ಆಮೇಲೆ ಅದರ ವಯಸ್ಸು ನಿಧಾನವಾಗಿ ಏರುತ್ತದೆಂದೂ ಕಂಡುಕೊಂಡರು. ಬಾಲ್ಯ ಬೇಗ ಮುಗಿದು, ನಡುವಯಸ್ಸು ಉದ್ದವಾಗಿ ಸಾಗುತ್ತದೆ. ನಾಯಿ ಮುದಿಯಾದದ್ದು ಮನೆಯವರಿಗೆ ತಡವಾಗಿ ಅರಿವಾಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ಕಾನೂನೂ ಹಿಂದೆಯೇ ಬಂತು. ಮದರಾಸಿನ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ರೂಪುಗೊಂಡಿತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು. ಮನೆಯಲ್ಲಿ ನಾಯಿ ಸಾಕುವುದನ್ನು ಗೃಹಸಂಘಗಳು ನಿಷೇಧಿಸುವಂತಿಲ್ಲ, ಲಿಫ್ಟಿನ ಬಳಕೆಯನ್ನೂ ತಡೆಯುವಂತಿಲ್ಲ ಎಂದು ಆ ಮಂಡಳಿ 2015ರಲ್ಲಿ ಸುತ್ತೋಲೆ ಹೊರಡಿಸಿತು. ಮೂರನೆಯ ಮಹಡಿಯ ಮುದಿ ನಾಯಿಗೆ ಈ ಎರಡನೆಯ ಮಾತು ಮೊದಲನೆಯದಕ್ಕಿಂತ ದೊಡ್ಡದು.

ಹೊರನಾಡಿನ ಮನೆಯಲ್ಲಿ

ಚರಿತ್ರೆಯ ಈ ದಾರಿ ನಮ್ಮ ಮನೆಬಾಗಿಲಿಗೂ ಬಂದು ಮುಟ್ಟುತ್ತದೆ. ಮುಂಬಯಿಯ ಉಪನಗರದ ನಮ್ಮ ಮನೆಯ ಬೆಳ್ಳಿಗೆ ಈಗ ಹದಿನಾಲ್ಕನೆಯ ವರ್ಷ. ಹೃದಯದ ಕವಾಟದ ತೊಂದರೆ ಎಂದು ವೈದ್ಯರು ಹೇಳಿ ಒಂದೂವರೆ ವರ್ಷವಾಯಿತು. ದಿನಕ್ಕೆ ಎರಡು ಹೊತ್ತು ಮಾತ್ರೆ. ಇಡ್ಲಿಯ ತುಣುಕಿನಲ್ಲಿ ಅಡಗಿಸಿ ಕೊಟ್ಟರೆ ಇಡ್ಲಿ ತಿಂದು ಮಾತ್ರೆಯನ್ನು ಅಂದವಾಗಿ ಹೊರಗಿಡುವ ಜಾಣ್ಮೆ ಅದಕ್ಕೆ ಇನ್ನೂ ಉಳಿದಿದೆ. ಮಲಗಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ ಬರೆದಿಡಬೇಕು. 30 ದಾಟಿದರೆ ವೈದ್ಯರಿಗೆ ತಿಳಿಸಬೇಕು. ಹೀಗೆ ರಾತ್ರಿ ಮಲಗುವ ಮುನ್ನ ಬೆಳ್ಳಿಯ ಪಕ್ಕೆಯನ್ನೇ ನೋಡುತ್ತ, ಗಡಿಯಾರ ಹಿಡಿದು ಕೂರುವುದು ನಮ್ಮ ಮನೆಯ ಸಂಧ್ಯಾವಂದನೆಯಂತಾಗಿದೆ. ಎಣಿಕೆ 24 ಬಂದ ರಾತ್ರಿ ನಿದ್ದೆ ಬರುತ್ತದೆ. 32 ಬಂದರೆ ಮತ್ತೆ ಎಣಿಸುತ್ತೇವೆ.

ಹೊರನಾಡಿನಲ್ಲಿ ಈ ಚಿಂತೆಗೆ ಇನ್ನೊಂದು ಮುಖವಿದೆ. ಊರಿನಲ್ಲಿ ಮದುವೆ, ತಿಥಿ, ಜಾತ್ರೆ ಎಂದರೆ ಹಿಂದೆ ಎಲ್ಲರೂ ಹೊರಡುತ್ತಿದ್ದೆವು. ರೈಲಿನಲ್ಲಿ ನಾಯಿಯನ್ನು ಒಯ್ಯಲು ಇರುವ ದಾರಿ ಎರಡೇ: ಮೊದಲ ದರ್ಜೆಯಲ್ಲಿ ಇಡೀ ಕೂಪೆಯನ್ನು ಪಡೆಯಬೇಕು, ಇಲ್ಲವೇ ಗಾರ್ಡಿನ ಡಬ್ಬಿಯ ನಾಯಿಪೆಟ್ಟಿಗೆಯಲ್ಲಿ ಹಾಕಬೇಕು. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಒಂದು ಹಗಲು ಒಂದು ರಾತ್ರಿಯ ಪ್ರಯಾಣವನ್ನು ಬಡಿದುಕೊಳ್ಳುವ ಹೃದಯದ ಮುದಿ ನಾಯಿ ಆ ಪೆಟ್ಟಿಗೆಯಲ್ಲಿ ಕಳೆಯಲಾರದು. ಆದ್ದರಿಂದ ಈಗ ಸರದಿಯ ಮೇಲೆ ಊರಿಗೆ ಹೋಗುತ್ತೇವೆ. ನಾಯಿಗಾಗಿ ತಂಗಿಯ ಮಗನ ಮದುವೆಗೆ ಒಬ್ಬರು ಬರಲಿಲ್ಲವೇ ಎಂದು ಊರಿನವರು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ.

ಇನ್ನೊಂದು ಮಾತು ನಮ್ಮಂಥ ಹಲವು ಮನೆಗಳಿಗೆ ಅನ್ವಯಿಸುತ್ತದೆ. ಮಕ್ಕಳು ಮನೆಯ ಹೊರಗೆ ಮರಾಠಿ, ಹಿಂದಿ. ಒಳಗೆ ನಾವು ಕನ್ನಡದಲ್ಲಿ ಕೇಳಿದ್ದಕ್ಕೂ ಅರ್ಧ ಇಂಗ್ಲಿಷಿನ ಉತ್ತರ. ಕನ್ನಡವನ್ನು ಬಿಟ್ಟು ಬೇರೆ ಭಾಷೆ ತಿಳಿಯದವರು ಮನೆಯಲ್ಲಿ ಇಬ್ಬರೇ: ಅಜ್ಜಿ ಮತ್ತು ಬೆಳ್ಳಿ. ‘ಬಾ’, ‘ಕೂರು’, ‘ಬೇಡ ಅಂದೆ’ ಎಂಬ ಮಾತುಗಳನ್ನು ಮಕ್ಕಳು ಶುದ್ಧ ಕನ್ನಡದಲ್ಲಿ ಆಡುವುದು ಅದರ ಜೊತೆಗೆ ಮಾತ್ರ. ಬೆಳ್ಳಿಯ ಕಿವಿ ಮಂದವಾದ ಮೇಲೆ ಅವರು ಆ ಮಾತುಗಳನ್ನು ಇನ್ನೂ ಗಟ್ಟಿಯಾಗಿ ಆಡುತ್ತಾರೆ. ಅದು ಹೋದ ಮೇಲೆ ಮನೆಯಲ್ಲಿ ಎಷ್ಟು ಕನ್ನಡ ಕಡಿಮೆಯಾದೀತು ಎಂಬ ಲೆಕ್ಕವನ್ನು ನಾವು ಹಾಕಲು ಹೋಗಿಲ್ಲ.

ಕೊನೆಯ ಪ್ರಶ್ನೆ

ಹಿಂದಿನವರಿಗೆ ಇಲ್ಲದಿದ್ದ ಒಂದು ನಿರ್ಧಾರವೂ ಈ ಹೊಸ ಮುಪ್ಪಿನೊಡನೆ ಬಂದಿದೆ. ನೋವು ಮಿತಿಮೀರಿದಾಗ ವೈದ್ಯರು ದಯಾಮರಣದ ಮಾತೆತ್ತುತ್ತಾರೆ. ಇದರ ಬಗೆಗೆ ನಮ್ಮ ದೇಶದಲ್ಲಿ ನಡೆದ ದೊಡ್ಡ ಚರ್ಚೆ 1928ರದು. ಸಾಬರಮತಿ ಆಶ್ರಮದ ಕರುವೊಂದು ಗಾಯಗೊಂಡು ಅಸಾಧ್ಯ ಯಾತನೆಯಲ್ಲಿತ್ತು. ಉಳಿಯುವ ಆಸೆಯಿಲ್ಲವೆಂದು ವೈದ್ಯರು ಹೇಳಿದ ಮೇಲೆ ಗಾಂಧೀಜಿ ಆಶ್ರಮವಾಸಿಗಳೊಡನೆ ಚರ್ಚಿಸಿ, ಚುಚ್ಚುಮದ್ದಿನಿಂದ ಅದರ ಪ್ರಾಣ ತೆಗೆಸಿದರು. ತಾವು ಮಾಡಿದ್ದನ್ನು ಬಚ್ಚಿಡದೆ ತಮ್ಮ ಪತ್ರಿಕೆಗಳಲ್ಲಿ ಬರೆದು, ಆ ಸ್ಥಿತಿಯಲ್ಲಿ ಅದೇ ಅಹಿಂಸೆ ಎಂದು ವಾದಿಸಿದರು. ಕೋಪದ ಪತ್ರಗಳ ಸುರಿಮಳೆಯಾಯಿತು. ಜೀವ ಕೊಡಲಾರದವನಿಗೆ ತೆಗೆಯುವ ಹಕ್ಕೆಲ್ಲಿಯದು ಎಂಬುದು ವಿರೋಧಿಗಳ ವಾದ. ಫಿಚ್ ಕಂಡ ‘ಸಾಯುವವರೆಗೂ’ ಎಂಬ ಪಾಂಜರಪೋಳದ ನಿಯಮ ಅವರ ಬೆನ್ನಿಗಿತ್ತು.

ಈ ಎರಡು ಪಕ್ಷಗಳೂ ಇಂದು ಒಂದೇ ಮನೆಯಲ್ಲಿ ಒಂದೇ ಮೇಜಿನ ಸುತ್ತ ಕೂರುತ್ತವೆ. ಮಗಳು ಗಾಂಧಿಯ ಕಡೆ, ಅಜ್ಜಿ ಪಾಂಜರಪೋಳದ ಕಡೆ. ಅಥವಾ ಬೆಳಗ್ಗೆ ಒಂದು ಕಡೆ ಇದ್ದವರೇ ಸಂಜೆ ಇನ್ನೊಂದು ಕಡೆ. ನಮ್ಮ ಅನುಭವ ಹೇಳುವುದಿಷ್ಟು: ಆ ದಿನ ಬರುವ ಮುನ್ನವೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಅದು ತಾನಾಗಿ ಉಣ್ಣುತ್ತಿದೆಯೇ, ಎದ್ದು ನಿಲ್ಲುತ್ತಿದೆಯೇ, ನಮ್ಮನ್ನು ಕಂಡು ಬಾಲವನ್ನಾದರೂ ಆಡಿಸುತ್ತಿದೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬ ಪ್ರಶ್ನೆಗಳನ್ನು ವೈದ್ಯರೊಡನೆ ಮೊದಲೇ ಎತ್ತಿಕೊಂಡರೆ ಕೊನೆಯ ಗಳಿಗೆಯ ಗೊಂದಲ ಕಡಿಮೆಯಾಗುತ್ತದೆ. ನಮಗೆ ಹಿಡಿಸುವ ನೋವಿನ ಮಾತ್ರೆ ಅದಕ್ಕೆ ವಿಷವಾಗಬಹುದು. ಕರುಣೆಯಿಂದಲಾದರೂ ಮನೆಯ ಔಷಧದ ಡಬ್ಬಿಯನ್ನು ಅದರ ಮೇಲೆ ಪ್ರಯೋಗಿಸಬಾರದು.

ಕನ್ನಡ ಸಾಹಿತ್ಯದಲ್ಲಿ ಅಮರವಾದ ನಾಯಿಗಳನ್ನು ನೆನೆದರೂ ಕಾಳಿಯ ನೆರಳು ಕಾಣುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯ ತನ್ನ ಒಡೆಯನಿಗೆ ‘ನಾಯಿಗುತ್ತಿ’ ಎಂಬ ಹೆಸರನ್ನೇ ತಂದುಕೊಟ್ಟಿತು. ಕೊನೆಗೆ ತುಂಬಿ ಹರಿಯುವ ತುಂಗೆಯ ಪಾಲಾಯಿತು. ತೇಜಸ್ವಿಯವರ ‘ಕರ್ವಾಲೊ’ದ ಕಿವಿ ಕಾಡುಮೇಡು ಸುತ್ತುವ ಹುರುಪಿನಲ್ಲೇ ಓದುಗರ ನೆನಪಿನಲ್ಲಿ ಉಳಿದಿದೆ. ಹಾಸಿಗೆ ಹಿಡಿದ ನಾಯಿಯ ದೀರ್ಘ ಸಂಜೆಯನ್ನು ಬರೆಯುವ ಕೆಲಸ ಇನ್ನೂ ಬಹುಮಟ್ಟಿಗೆ ಬಾಕಿಯಿದೆ. ಹಾಗೆ ಬರೆಯುವವರು ಹೊರನಾಡಿನ ಸಣ್ಣ ಮನೆಗಳಿಂದಲೇ ಬಂದಾರು.

ಆತಕೂರಿನ ಗೊರವನಿಗೆ ವಿಧಿಸಿದ ಕಟ್ಟಳೆಯನ್ನು ಇಲ್ಲಿ ಮತ್ತೊಮ್ಮೆ ನೆನೆಯಬಹುದು. ನಾಯಿಯ ಕಲ್ಲಿಗೆ ಪೂಜೆ ಸಲ್ಲಿಸದೆ ಅವನು ಊಟಕ್ಕೆ ಕೂರುವಂತಿರಲಿಲ್ಲ. ಆ ದೇವಾಲಯದ ಮುಂದಿನ ಪೂಜೆ ಯಾವಾಗಲೋ ನಿಂತಿತು, ಕಲ್ಲು ವಸ್ತುಸಂಗ್ರಹಾಲಯ ಸೇರಿತು. ಆದರೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಎಷ್ಟೋ ಕನ್ನಡ ಮನೆಗಳಲ್ಲಿ ಮುದಿ ನಾಯಿಗೆ ಮಾತ್ರೆ ಕೊಟ್ಟು, ಅದು ನಾಲ್ಕು ತುತ್ತು ತಿಂದಿತೆಂದು ನೋಡಿದ ಮೇಲೆಯೇ ಮಿಕ್ಕವರು ತಟ್ಟೆಯ ಮುಂದೆ ಕೂರುತ್ತಾರೆ. ಯಾವ ಅರಸನೂ ಇದಕ್ಕೆ ಭೂಮಿ ಬಿಟ್ಟಿಲ್ಲ, ತಪ್ಪಿದವರಿಗೆ ಶಾಪ ಬರೆಸಿಲ್ಲ.